ಗಾದಿಗೆ ಮೊದಲ ಪುಟದ ಷರತ್ತು

ಅಕ್ಕನ ಮಗಳು ತನ್ನ ಅಪ್ಪನ ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತು ವ್ಯಾಪಾರ ಮಾಡುತ್ತೇನೆಂದಳು. ನಾರಾಯಣಪೇಟೆಯ ಆ ಸಾಲಿನ ಅಂಗಡಿಗಳಲ್ಲಿ ಬಿಳಿ ಚಾದರ ಹಾಸಿದ ಗಾದಿಯ ಮೇಲೆ ಆಗ ಗಂಡಸರೇ ಕೂರುತ್ತಿದ್ದರು. ಹೆಂಗಸರು ಮಗ್ಗದ ಮುಂದೆ ಕೂರಬಹುದಿತ್ತು, ಮನೆ ಮತ್ತು ಅಂಗಡಿಯ ನಡುವಿನ ಬಾಗಿಲಲ್ಲಿ ನಿಂತು ಸಲಹೆ ಕೊಡಬಹುದಿತ್ತು. ಭಾವ ಬೇಡ ಎನ್ನಲಿಲ್ಲ. ಬೇಡ ಎಂದರೆ ಮಾತು ಬೆಳೆಯುತ್ತದೆಂದು ಗೊತ್ತಿದ್ದರಿಂದ ಷರತ್ತು ಹಾಕಿದರು.

"ಆ ವೆಬ್‌ಸೈಟ್ ಮಾಡೀಯಲ್ಲ. ಫೋನ್‌ನಾಗ 'ನಾರಾಯಣಪೇಟೆ ಸೀರೆ' ಅಂತ ಹಾಕಿದ್ರ ಮೊದಲನೇ ಪುಟದಾಗ ನಮ್ಮ ಅಂಗಡಿ ಬರಬೇಕು. ದಸರಾದೊಳಗ. ಬಂದ್ರ ಗಾದಿ ನಿಂದು."

ನನ್ನ ಕಡೆ ತಿರುಗಿ, "ಫೈಸಲಾ ನೀ ಮಾಡಪಾ. ಪೇಪರ್‌ನಾಗ ಇದ್ದಾವ, ಯಾರ ಕಡೀನೂ ವಾಲಂಗಿಲ್ಲ" ಎಂದರು.

"ವಾಲಿದ್ರ ಊಟಕ್ಕ ಬರಬ್ಯಾಡ" ಎಂದಳು ಅಕ್ಕ, ಬಾಗಿಲಿನಿಂದ. ಯಾರ ಕಡೆ ವಾಲಿದರೆ ಎಂದು ಹೇಳಲಿಲ್ಲ.

ನಾನು ಪತ್ರಿಕೆಯ ಡೆಸ್ಕಿನ ಕೆಲಸ ಬಿಟ್ಟು ಊರಿಗೆ ಮರಳಿ ಆಗ ಕೆಲವೇ ತಿಂಗಳಾಗಿದ್ದವು. ಷರತ್ತನ್ನು ಒಂದು ಚೀಟಿಯಲ್ಲಿ ಬರೆದು, ಇಬ್ಬರಿಗೂ ಓದಿ ಹೇಳಿ ಜೇಬಿಗಿಟ್ಟುಕೊಂಡೆ.

ಸೊಸಿ (ಅಕ್ಕನ ಮಗಳನ್ನು ನಾವು ಹಾಗೇ ಕರೆಯುವುದು) ಮೊದಲು ಮಾಡಿದ್ದು, ವೆಬ್‌ಸೈಟಿಗೆ ಹುಡುಕಾಟದ ವರದಿ ಕೊಡುವ ಒಂದು ಉಚಿತ ಸಾಧನವನ್ನು ಜೋಡಿಸಿದ್ದು. ಜನ ಏನೆಂದು ಹುಡುಕಿದಾಗ ನಮ್ಮ ಅಂಗಡಿ ಕಾಣಿಸಿತು, ಎಷ್ಟು ಸಲ ಕಾಣಿಸಿತು, ಎಷ್ಟು ಜನ ಅದನ್ನು ಒತ್ತಿ ಒಳಗೆ ಬಂದರು, ಸರಾಸರಿ ಎಷ್ಟನೇ ಸ್ಥಾನದಲ್ಲಿದ್ದೇವೆ, ಇಷ್ಟನ್ನೂ ಅದು ಸಾಲುಸಾಲಾಗಿ ತೋರಿಸುತ್ತಿತ್ತು. ಪತ್ರಿಕೆಯಲ್ಲಿ ಇಪ್ಪತ್ತು ವರ್ಷ ದುಡಿದರೂ ಓದುಗ ಯಾವ ಸುದ್ದಿಯನ್ನು ಬಿಟ್ಟು ಮುಂದೆ ಹೋದ ಎಂದು ಇಷ್ಟು ನಿಷ್ಠುರವಾಗಿ ಯಾರೂ ನನಗೆ ತಿಳಿಸಿರಲಿಲ್ಲ.

ಮೊದಲ ವಾರದ ವರದಿಯ ಪ್ರಕಾರ 'ನಾರಾಯಣಪೇಟೆ ಸೀರೆ'ಗೆ ನಾವು ಆರನೇ ಪುಟದಲ್ಲಿದ್ದೆವು. ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ವೆಬ್‌ಸೈಟಿನಲ್ಲಿ ಹದಿನಾಲ್ಕು ಪುಟಗಳಿದ್ದವು, ಹದಿನಾಲ್ಕಕ್ಕೂ ಒಂದೇ ಶೀರ್ಷಿಕೆ: 'ಸುಸ್ವಾಗತ'. ಹದಿನಾಲ್ಕು ಸುದ್ದಿಗೆ ಒಂದೇ ತಲೆಬರಹ ಕೊಟ್ಟವನನ್ನು ನಮ್ಮ ಡೆಸ್ಕಿನಲ್ಲಿ ಮರುದಿನ ಮೂಲೆಯ ಹವಾಮಾನದ ಪೆಟ್ಟಿಗೆ ಬರೆಯಲು ಕಳಿಸುತ್ತಿದ್ದರು. ಇನ್ನು ವಿಳಾಸ. ಅಂಗಡಿಯ ಹಳೆಯ ಕಾರ್ಡಿನಿಂದ ಅದನ್ನು ಯಥಾವತ್ತಾಗಿ ಇಳಿಸಿದ್ದಳು. ತೆಲಂಗಾಣ ಬೇರೆ ರಾಜ್ಯವಾಗಿ, ನಾರಾಯಣಪೇಟೆ ತಾನೇ ಒಂದು ಜಿಲ್ಲೆಯಾಗಿ, ಕಲೆಕ್ಟರ್ ಬಂದು ಕೂತಿದ್ದರೂ ನಮ್ಮ ವೆಬ್‌ಸೈಟು ಇನ್ನೂ ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಯಲ್ಲೇ ಇತ್ತು.

"ಬೋರ್ಡ್ ಎರಡು ಸಲ ಬರೆಸೀನಿ" ಎಂದರು ಭಾವ. "ಒಮ್ಮೆ ರಾಜ್ಯಕ್ಕ, ಒಮ್ಮೆ ಜಿಲ್ಲಾಕ್ಕ. ಇದಕ್ಕೂ ಬರೆಸಬೇಕಂತ ಯಾರು ಹೇಳಿದ್ರು?"

ಸೊಸಿ ವಿಳಾಸ ತಿದ್ದಿದಳು. ಶೀರ್ಷಿಕೆಗಳನ್ನು ನಾನು ಬರೆದುಕೊಟ್ಟೆ. ಎರಡು ಪುಟ ಮೇಲೇರಿದೆವು.

ಆ ನಡುವೆ ವರದಿಯಲ್ಲಿ ಒಂದು ಸಾಲು ದಿನೇದಿನೇ ಉಬ್ಬತೊಡಗಿತು. ಅಂಗಡಿಯ ಹೆಸರನ್ನೇ ಬರೆದು ಯಾರೋ ಹುಡುಕುತ್ತಿದ್ದರು, ದಿನಕ್ಕೆ ಹತ್ತಾರು ಸಲ. ಭಾವ ಅದನ್ನು ಪಕ್ಕದ ಅಂಗಡಿಯವರಿಗೂ ಹೇಳಿಬಂದರು. "ದೇಶಾನ ನಮ್ಮನ್ನ ಹುಡುಕಾಕತ್ತೈತಿ." ನನಗೆ ಅನುಮಾನವಿತ್ತು, ಆಧಾರವಿರಲಿಲ್ಲ. ಆಮೇಲೆ ಅವರು ಎರಡು ದಿನ ಸೊಲ್ಲಾಪುರಕ್ಕೆ ಮದುವೆಗೆ ಹೋದರು. ಹೆಣ್ಣಿನ ಸೋದರಮಾವನಾಗಿ ಅಲ್ಲಿ ಫೋನ್ ತೆಗೆಯಲು ಪುರುಸೊತ್ತಿರಲಿಲ್ಲ. ಆ ಎರಡು ದಿನ ದೇಶ ನಮ್ಮನ್ನು ಒಂದು ಸಲವೂ ಹುಡುಕಲಿಲ್ಲ.

"ನೋಡಿದ್ರ ತಪ್ಪೇನೈತಿ?" ಎಂದರು, ಗ್ರಾಫ್ ತೋರಿಸಿದಾಗ. "ನಾನೂ ದೇಶದಾಗನ ಇದ್ದೀನಿ."

ಈ ಹವ್ಯಾಸ ಅವರಿಗೇ ಮುಳುವಾಗುವುದರಲ್ಲಿತ್ತು. ಒಂದು ಮಧ್ಯಾಹ್ನ ಅವರ ಫೋನಿನಲ್ಲಿ 'ನಾರಾಯಣಪೇಟೆ ಸೀರೆ' ಎಂದು ಹಾಕಿದಾಗ ನಮ್ಮ ಅಂಗಡಿ ಎಲ್ಲಕ್ಕಿಂತ ಮೇಲೆ ಬಂತು. ಅವರ ಮುಖ ಅರಳಿತು, ಷರತ್ತು ನೆನಪಾಗಿ ಬಾಡಿತು. ಸೊಸಿ ಆಗಲೇ ಚಪ್ಪಲಿ ಬಿಟ್ಟು ಒಂದು ಕಾಲು ಗಾದಿಯ ಮೇಲಿಟ್ಟಿದ್ದಳು.

ಇದು ಲೆಕ್ಕಕ್ಕಿಲ್ಲ ಎಂದೆ. ದಿನಕ್ಕೆ ಹತ್ತಾರು ಸಲ ಒಂದೇ ಅಂಗಡಿಯನ್ನು ತೆರೆಯುವವನಿಗೆ ಫೋನು ಅದೇ ಅಂಗಡಿಯನ್ನು ಮೊದಲು ತೋರಿಸುತ್ತದೆ. ನಮ್ಮನ್ನು ಅರಿಯದ ಮನುಷ್ಯನ ಫೋನಿನಲ್ಲಿ ಬಂದರೆ ಮಾತ್ರ ಬಂದಂತೆ.

"ಮಾಮಾ, ನೀ ನಮ್ಮ ಮನ್ಯಾಗ ಉಣ್ಣಾವ" ಎಂದಳು ಸೊಸಿ. ಕಾಲು ಮಾತ್ರ ಹಿಂದಕ್ಕೆ ತೆಗೆದಳು.

ಅರಿಯದ ಮನುಷ್ಯನನ್ನು ಹುಡುಕುವ ಕೆಲಸ ನನ್ನ ಮೇಲೆ ಬಿತ್ತು. ಮಕ್ತಲ್‌ಗೆ ಹೋದಾಗ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಬಿಡುವಾಗಿ ಕುಳಿತಿದ್ದ ಒಬ್ಬರನ್ನು, ನಿಮ್ಮ ಫೋನಿನಲ್ಲಿ ಹೀಗೆಂದು ಹುಡುಕಿ ಏನು ಬರುತ್ತದೆ ಹೇಳುತ್ತೀರಾ ಎಂದು ಕೇಳಿದೆ. ಅವರು ಫೋನನ್ನು ಒಳಜೇಬಿಗೆ ಸೇರಿಸಿದರು.

"ಆಮ್ಯಾಲ ಓಟಿಪಿ ಕೇಳ್ತೀರಿ."

ಕೇಳುವುದಿಲ್ಲ ಎಂದೆ.

"ಕೇಳಂಗಿಲ್ಲ ಅಂತನ ಶುರು ಮಾಡ್ತೀರಿ ನೀವು. ನಮ್ಮ ತಮ್ಮನ ಹತ್ರನೂ ಹಂಗ ಅಂದಿದ್ರು."

ಚಹಾದವನು ನನ್ನ ಲೋಟವನ್ನು ಅರ್ಧಕ್ಕೇ ಎತ್ತಿಕೊಂಡ. ನನ್ನ ಹಳೆಯ ಪತ್ರಿಕಾ ಗುರುತಿನ ಚೀಟಿ ತೋರಿಸಿದೆ. ಅವರು ಅದನ್ನು ತಿರುವಿ ನೋಡಿ, ಅವಧಿ ಮುಗಿದಿದೆ ಎಂದು ನಾಲ್ಕು ಜನಕ್ಕೆ ಕೇಳುವಂತೆ ಓದಿದರು. ನಾನು ಮುಂದಿನ ಬಸ್ಸು ಹತ್ತಿದೆ.

ಸೊಸಿ ಇಷ್ಟರಲ್ಲಿ ವರದಿಯನ್ನು ಬೇರೆ ರೀತಿಯಲ್ಲಿ ಓದತೊಡಗಿದ್ದಳು. ಹೆಚ್ಚು ಸಲ ಕಂಡರೂ ಯಾರೂ ಒತ್ತದ ಸಾಲುಗಳನ್ನೆಲ್ಲ ಪಟ್ಟಿಮಾಡಿದಳು. 'ನಾರಾಯಣಪೇಟೆಗೆ ಬಸ್ಸು' ಎಂದು ಹುಡುಕಿದವರಿಗೂ ನಾವು ಕಂಡಿದ್ದೆವು, ವಿಳಾಸದಲ್ಲಿ 'ಬಸ್ ನಿಲ್ದಾಣದ ಹತ್ತಿರ' ಎಂದಿದ್ದುದರಿಂದ. ಆದರೆ ಎಲ್ಲಕ್ಕಿಂತ ಹೆಚ್ಚು ಜನ ಕೇಳಿದ್ದು ಒಂದೇ: ಈ ಸೀರೆಯನ್ನು ಮೊದಲ ಸಲ ಒಗೆಯುವುದು ಹೇಗೆ, ಬಣ್ಣ ಬಿಡುತ್ತದೆಯೇ. ಅದಕ್ಕೆ ನಮ್ಮ ಹದಿನಾಲ್ಕು ಪುಟಗಳಲ್ಲಿ ಒಂದಕ್ಷರ ಉತ್ತರವಿರಲಿಲ್ಲ.

ಉತ್ತರ ಮನೆಯಲ್ಲೇ ಇತ್ತು. ಸೀರೆ ಕೊಂಡ ಹೆಂಗಸರು ಮೆಟ್ಟಿಲಿಳಿಯುವಾಗ ಅಕ್ಕ ಮನೆಯ ಬಾಗಿಲಿಗೆ ಬಂದು, ಗಂಡನಿಗೆ ಕೇಳದಷ್ಟು ಮೆಲ್ಲಗೆ ಅದನ್ನು ಹೇಳಿಯೇ ಕಳಿಸುತ್ತಿದ್ದಳು. ಸೊಸಿ ಅಡುಗೆಮನೆಯಲ್ಲಿ ಕೂತು ಬರೆದುಕೊಂಡಳು.

"ತಣ್ಣೀರಾಗ ಒಂದು ಮುಷ್ಟಿ ಹರಳುಪ್ಪು ಹಾಕಬೇಕು."

"ಎಷ್ಟು ಗ್ರಾಂ?"

"ಮುಷ್ಟಿ ಅಂದ್ರ ಮುಷ್ಟಿ."

"ಯಾರ ಮುಷ್ಟಿ ಬೇ? ಪುಣೆದಾಕಿ ಮುಷ್ಟಿ ನಿನಗ ಹೆಂಗ ಗೊತ್ತು?"

"ಪುಣೆದಾಕಿ ಉಪ್ಪು ತಿನ್ನಂಗಿಲ್ಲೇನು? ಗೊತ್ತಿರತೈತಿ ಆಕಿಗೆ. ಕೆಂಪು ಇದ್ರ ಮೊದಲನೇ ಸಲ ನೀರು ಸ್ವಲ್ಪ ಬಣ್ಣ ಆಗತೈತಿ, ಅಂಜಬ್ಯಾಡ ಅಂತ ಬರಿ. ಗಂಡನ ಬಿಳಿ ಅಂಗಿ ಜೋಡಿ ಹಾಕಬ್ಯಾಡ ಅಂತನೂ ಬರಿ. ನೆಳ್ಳಾಗ ಒಣಗಿಸು ಅಂತ ಬರಿ."

ನಾನು ಮುಷ್ಟಿಯನ್ನು ಚಮಚಕ್ಕೆ ಬದಲಿಸಿದೆ. ಸೊಸಿ ಅದನ್ನು ಹೊಡೆದುಹಾಕಿ ಮತ್ತೆ ಮುಷ್ಟಿ ಮಾಡಿದಳು. ಅವಳು ಮಾಡಿದ್ದೇ ಸರಿ.

ಪುಟ ನೋಡಿ ಭಾವ ಊಟ ಬಿಟ್ಟು ಎದ್ದರು. "ಮೂವತ್ತು ವರ್ಷ ಗಾದಿ ಮ್ಯಾಲ ಕುಂತೀನಿ. ಬಣ್ಣ ಅನ್ನೋ ಮಾತು ಗಿರಾಕಿ ಎತ್ತಿದ್ರ ಅಂಚು ತೋರಿಸಿ ಮಾತು ಹೊಳ್ಳಿಸ್ತೀನಿ. ನೀ ಊರಿಗೆಲ್ಲ ಡಂಗುರ ಹೊಡದಿ."

"ಗಾಢ ಬಣ್ಣದ ಹತ್ತಿ ಸೀರೆ ಎಲ್ಲಾನೂ ಹಂಗರೀ ಅಪ್ಪಾ."

"ಎಲ್ಲಾರ ಸೀರೆನೂ ಹಂಗ. ಹೇಳಾಕಿ ನೀ ಒಬ್ಬಾಕಿ."

ಆದರೂ ತೆಗೆಸಲಿಲ್ಲ. ದಸರಾಕ್ಕೆ ಇನ್ನೊಂದು ತಿಂಗಳಿತ್ತು. ಆ ಪುಟದಿಂದ ಅವಳು ಸೋಲುತ್ತಾಳೆಂದು ಅವರಿಗೆ ಖಾತ್ರಿಯಿತ್ತು.

ಹಬ್ಬದ ಹಿಂದಿನ ದಿನ ನಾನು, ತನ್ನದೇ ಸೀರೆಗೆ ಹೆಸರಾದ ಗದ್ವಾಲಿಗೆ ಹೋದೆ. ಮಕ್ತಲ್‌ನ ಪಾಠ ನೆನಪಿದ್ದುದರಿಂದ ಈ ಸಲ ಓಡಿಹೋಗಲಾಗದವರನ್ನೇ ಆರಿಸಿದೆ: ಒಂದು ಸೀರೆ ಅಂಗಡಿಯ ಮಾಲೀಕರು. ನಾರಾಯಣಪೇಟೆ ಸೀರೆ ಹುಡುಕಿಕೊಡಿ ಎಂದಾಗ ಅವರು ತೆಲುಗಿನಲ್ಲಿ, "ಗದ್ವಾಲಕು ವಚ್ಚಿ ನಾರಾಯಣಪೇಟ ಚೀರ ಅಡುಗುತಾರಾ?" ಎಂದರು. ಗದ್ವಾಲಿಗೆ ಬಂದು ಅದನ್ನು ಕೇಳುವವರೂ ಇದ್ದಾರೆಯೇ ಎಂದು. ವಿಷಯ ಪೂರ್ತಿ ಹೇಳಿದೆ. ಹುಡುಗಿ ಗಾದಿಯ ಮೇಲೆ ಕೂರಲು ಪಂತ ಕಟ್ಟಿದ್ದಾಳೆಂದು ಕೇಳಿದ ಮೇಲೆ ಅವರು ಕನ್ನಡಕ್ಕೆ ಹೊರಳಿ, ಕನ್ನಡಕ ಹಾಕಿಕೊಂಡರು.

'ನಾರಾಯಣಪೇಟೆ ಸೀರೆ' ಎಂದು ಹಾಕಿದರು. ನಾವು ಎರಡನೇ ಪುಟದಲ್ಲಿದ್ದೆವು, ಮೇಲಿನಿಂದ ಮೂರನೆಯವರು. ನಾನು ಹೇಳಿದಂತೆ, ಆ ಸೀರೆ ಒಗೆಯುವುದು ಹೇಗೆ ಎಂದು ಹಾಕಿದರು. ಮೊದಲ ಪುಟ, ಮೊದಲ ಸಾಲು. ಅವರು ಅದನ್ನು ತೆರೆದು ಕೊನೆಯವರೆಗೂ ಓದಿದರು.

"ಬಿಳಿ ಅಂಗಿ ಮಾತು ಖರೇ ಐತ್ರಿ" ಎಂದರು. ಆಮೇಲೆ ಆ ಪುಟವನ್ನು ತಮ್ಮ ಒಬ್ಬ ಗಿರಾಕಿಗೆ ಕಳಿಸಿದರು. "ಆಯಮ್ಮ ಎರಡು ದಿನದಿಂದ ಕೇಳಾಕತ್ತಾಳ. ನನಗೇನು ಗೊತ್ತು ಒಗೆಯೋದು?"

ಮನೆಗೆ ಬಂದು ಚೀಟಿ ತೆಗೆದು ಓದಿದೆ. ಅದರಲ್ಲಿದ್ದದ್ದು 'ನಾರಾಯಣಪೇಟೆ ಸೀರೆ', ಒಗೆಯುವ ಮಾತಿರಲಿಲ್ಲ. ಸೊಸಿ ಸೋತಿದ್ದಾಳೆ ಎಂದು ಹೇಳಿದೆ. ಭಾವ ಗೆದ್ದವರಂತೆ ಕಾಣಿಸಲಿಲ್ಲ, ಆದರೆ ಗಾದಿಯ ಚಾದರವನ್ನು ಒಮ್ಮೆ ಕೊಡವಿ ಹಾಸಿದರು. ಸೊಸಿ ನನಗೆ ಎರಡು ದಿನ ಮಾತು ಬಿಟ್ಟಳು. ಅಕ್ಕ ಊಟಕ್ಕೆ ಕರೆದಳು, ಎರಡನೇ ಸಲ ಬಡಿಸಲಿಲ್ಲ.

ದಸರಾಕ್ಕೆ ಕೊಂಡ ಸೀರೆಗಳು ಹಬ್ಬ ಮುಗಿದ ಮೇಲೆ ಒಗೆತಕ್ಕೆ ಬಂದವು. ಆ ಪುಟದ ಕೆಳಗೆ ಅಂಗಡಿಯ ನಂಬರಿತ್ತು. ಮೊದಲ ಕರೆ ಬಂದಾಗ ನಾನು ಅಂಗಡಿಯಲ್ಲೇ ಇದ್ದೆ. ಹುಬ್ಬಳ್ಳಿಯ ಒಬ್ಬ ಹೆಂಗಸು, ಸೀರೆಯನ್ನು ಉಪ್ಪು ನೀರಿನಲ್ಲಿ ಎಷ್ಟು ಹೊತ್ತು ಇಡಬೇಕೆಂದು ಕೇಳಿದರು.

"ಇಡ್ರಿ... ಸಾಕಷ್ಟು ಇಡ್ರಿ" ಎಂದರು ಭಾವ.

ಸಾಕಷ್ಟು ಎಂದರೆ ಎಷ್ಟು ಎಂದು ಆಚೆಯವರು ಮತ್ತೆ ಕೇಳಿದರು. ಮೂವತ್ತು ವರ್ಷ ಸೀರೆ ಮಾರಿದ ಭಾವ ಒಂದನ್ನೂ ಒಗೆದವರಲ್ಲ. ಫೋನಿಗೆ ಅಂಗೈ ಮುಚ್ಚಿ ಒಳಗೆ ನೋಡಿದರು. ಸೊಸಿ ಬಾಗಿಲಿಗೆ ಬಂದು, ಅರ್ಧ ತಾಸು ಎಂದಳು. ಅವರು ಅರ್ಧ ತಾಸು ಎಂದರು. ನೀರು ಕೆಂಪಾಗಿದೆ, ಅಂಜಿಕೆಯಾಗಿದೆ ಎಂದರು ಆಚೆಯವರು. ಭಾವ ಅಭ್ಯಾಸಬಲದಿಂದ ಅಂಚಿನ ಮಾತೆತ್ತಿದರು. ಆಚೆಯವರು, ಅಂಚು ಇರಲಿ, ನೀರಿನದು ಹೇಳಿ ಎಂದರು.

ಆ ದಿನ ಇನ್ನೂ ಐದಾರು ಕರೆ ಬಂದವು. ಮೂರನೆಯದರ ಹೊತ್ತಿಗೆ ಅವರು ಫೋನನ್ನು ಸೊಸಿಗೆ ಕೊಟ್ಟಿದ್ದರು. ಅವಳು ನಿಂತೇ ಮಾತಾಡಿದಳು. ಮಾತಿನ ಕೊನೆಗೆ ಆಚೆಯವರು ಹಸಿರಿನಲ್ಲಿ ಏನಿದೆ, ಸಾಸಿವೆ ಬಣ್ಣದ್ದು ಉಳಿದಿದೆಯೇ ಎಂದು ಕೇಳತೊಡಗಿದ್ದರಿಂದ, ಅವಳು ಕಪಾಟಿಗೂ ಬಾಗಿಲಿಗೂ ಓಡಾಡಬೇಕಾಯಿತು. ಒಂದು ಸೀರೆ ಬಿಚ್ಚಿ ಚಿತ್ರ ತೆಗೆಯಲು ಹಾಸುವ ಜಾಗ ಬೇಕಾಯಿತು.

"ಹಂಗ ನಿಂತು ಅಡ್ಡಾಡಬ್ಯಾಡ, ಕಣ್ಣು ತಿರುಗತಾವು" ಎಂದರು ಭಾವ. ಗಾದಿಯ ಮೇಲೆ ಗೋಡೆಯ ಕಡೆಗೆ ಒಂದು ಮೊಳ ಸರಿದರು.

ಸೊಸಿ ನನ್ನ ಕಡೆ ನೋಡಿದಳು. ಫೈಸಲಾ ನನ್ನ ಕೈ ಬಿಟ್ಟುಹೋಗಿತ್ತು. ಅವಳು ಚಪ್ಪಲಿ ಬಿಟ್ಟು, ಈ ಸಲ ಎರಡೂ ಕಾಲನ್ನು ಮೇಲಿಟ್ಟು ಕುಳಿತಳು.

ಸಂಜೆ ಧನ್ವಾಡದ ಕಡೆಯಿಂದ ತಾಯಿ ಮಗಳು ಸೀರೆಗೆಂದು ಬಂದರು. ಗಾದಿಯ ಮೇಲೆ ಇಬ್ಬರನ್ನು ನೋಡಿ ಯಾರನ್ನು ಕೇಳಬೇಕೆಂದು ತಿಳಿಯದೆ ನಿಂತರು. ಕೆಂಪಿನದೊಂದನ್ನು ಎತ್ತಿ ತಾಯಿ ಕೇಳಿದಳು, "ಬಣ್ಣ ನಿಲ್ಲತೈತೇನ್ರಿ?"

ಭಾವ ಅಂಚು ತೋರಿಸಲು ಕೈ ಚಾಚಿದರು. ಚಾಚಿದ ಕೈಯನ್ನು ತಮ್ಮ ಮಗಳ ಕಡೆ ತಿರುಗಿಸಿ, "ಆಕಿನ್ನ ಕೇಳ್ರಿ" ಎಂದರು.