ಗೇಟಿನ ಈಚೆ ನಿಂತ ಟೆಂಪೊ

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಖಾನಾಪುರದಿಂದ ದಿನಾ ಬೆಳಗಾವಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಎರಡು ಸಾವಿರದ ಇಸವಿಯ ಆಸುಪಾಸು. ಅಲ್ಲಿಯ ವಡಗಾವಿ ಭಾಗದ ಒಂದು ಮಗ್ಗದ ಮನೆಯಲ್ಲಿ, ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುವ ಕೆಲಸ. ನಿಮ್ಮ ಅವ್ವ ಆಗ ಒಂಬತ್ತನೆಯ ತರಗತಿ. ಅವಳ ಓದು ನಡೆದದ್ದು ಆ ಕೂಲಿಯಿಂದಲೇ.

ಮೊದಲು ರೈಲಿನ ತಿಂಗಳ ಪಾಸು ಮಾಡಿಸಿದ್ದೆ. ಅದು ಅಗ್ಗ, ಆದರೆ ರೈಲು ವಾರಕ್ಕೆ ಎರಡು ದಿನವಾದರೂ ತಡ. ನಿಲ್ದಾಣದಿಂದ ನಾನು ನಡೆದು ತಲುಪುವಷ್ಟರಲ್ಲಿ ಮಗ್ಗಗಳು ಕಂಡಿಕೆ ಇಲ್ಲದೆ ನಿಂತಿರುತ್ತಿದ್ದವು.

"ಬಾಯಾರ, ನಿಮ್ಮ ರೈಲು ಬಂದ ಮ್ಯಾಲೆ ನಾ ಮಗ್ಗ ಚಾಲೂ ಮಾಡಬೇಕೇನ್ರೀ? ಇನ್ನೊಮ್ಮೆ ತಡ ಆದ್ರ ಬ್ಯಾರೇದವರನ್ನ ಹಚ್ಕೋತೀನಿ," ಎಂದರು ಮಾಲಕರು.

ಮುಂದಿನ ತಿಂಗಳು ಪಾಸು ಬಿಟ್ಟು ಟೆಂಪೊ ಹಿಡಿದೆ. ಕೂಲಿಯ ಕಾಲು ಪಾಲು ಅದಕ್ಕೇ ಹೋಗುತ್ತಿತ್ತು. ಆದರೂ ಕೆಲವು ವಾರ ಎಲ್ಲರಿಗಿಂತ ಮುಂಚೆ ತಲುಪಿದೆ. ನನ್ನಂತೆ ಯೋಚಿಸಿದವರು ಬಹಳ ಮಂದಿ ಇದ್ದರು. ಮಳೆಗಾಲ ಮುಗಿಯುವುದರೊಳಗೆ ರೈಲಿನಲ್ಲಿ ಹೋಗುತ್ತಿದ್ದವರು ಅರ್ಧಕ್ಕರ್ಧ ರಸ್ತೆಗೆ ಬಂದರು. ಟೆಂಪೊಗಳು ಹೆಚ್ಚಿದವು, ಉಳ್ಳವರು ಸ್ಕೂಟರ್ ಕೊಂಡರು. ಬೇಗ ಹೋಗಬೇಕೆಂದು ಎಲ್ಲರೂ ಬಂದದ್ದಕ್ಕೇ ಆ ರಸ್ತೆ ಕಟ್ಟಿಕೊಂಡಿತು.

ಒಂದು ಬೆಳಿಗ್ಗೆ ಬೆಳಗಾವಿಯ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ನಮ್ಮ ಟೆಂಪೊ ಮುಂದೆ ಲಾರಿ, ಬಸ್ಸು, ಎತ್ತಿನ ಗಾಡಿಗಳ ಸಾಲು. ಗಂಡಸರು ಇಳಿದು ಗೇಟಿನ ಕೆಳಗೆ ನುಸುಳಿ ಹೋದರು. ಪಕ್ಕದಲ್ಲಿದ್ದ ಕಾಯಿಪಲ್ಲೆ ಮಾರುವಾಕೆ ಬುಟ್ಟಿ ಎತ್ತಿಕೊಂಡಳು.

"ಏಳವ್ವಾ, ನುಸುಳೂಣು."

"ಇಷ್ಟು ಮಂದಿ ಮುಂದ ಹೆಂಗ ಬಗ್ಗೂದ್ರೀ?"

"ಬಗ್ಗಿದ್ರ ಸೊಂಟ ಮುರಿತೈತೇನ? ಕುಂದರ ಹಂಗಾರ, ನಿಮ್ಮ ಮಾಲಕ ಮಗ್ಗ ಹೊತ್ಕೊಂಡು ಇಲ್ಲೇ ಬರ್ತಾನ!"

ಟೆಂಪೊದಲ್ಲಿ ಉಳಿದವರು ನಕ್ಕರು. ನಾನು ಸೆರಗು ಬಿಗಿ ಹಿಡಿದು ಕೂತೇ ಇದ್ದೆ. ಆಗ ರೈಲು ಬಂತು. ನಾನು ಬಿಟ್ಟ ಅದೇ ರೈಲು, ಅಂದು ಸರಿಯಾದ ಹೊತ್ತಿಗೆ ಬಂದಿತ್ತು. ಕಿಟಕಿಗಳ ಬದಿಗೆ ಜಾಗ ಖಾಲಿ ಕಾಣುತ್ತಿತ್ತು. ಗೇಟು ಎದ್ದ ಕೂಡಲೇ ಎರಡೂ ಕಡೆಯ ಗಾಡಿಗಳು ಒಮ್ಮೆಲೇ ನುಗ್ಗಿ, ಬಹಳ ಹೊತ್ತು ಯಾರಿಗೂ ದಾಟಲಾಗಲಿಲ್ಲ.

ನಾನು ತಲುಪಿದಾಗ ನನ್ನ ರಾಟೆಯ ಮುಂದೆ ಬೇರೊಬ್ಬಳು ಕೂತು ನೂಲು ಸುತ್ತುತ್ತಿದ್ದಳು.

"ಈಕಿ ಮನಿ ಹಿಂದಿನ ಓಣ್ಯಾಗ ಐತ್ರೀ," ಎಂದರು ಮಾಲಕರು.

ಬೇಡಿಕೊಂಡಿದ್ದರೆ ಇಟ್ಟುಕೊಳ್ಳುತ್ತಿದ್ದರೇನೋ. ನಾನು ಹೊಸ್ತಿಲಿಂದಲೇ ತಿರುಗಿ ಬಂದೆ.

ನಿಮ್ಮ ಅವ್ವ ಹತ್ತನೆಯ ತರಗತಿಗೆ ಹೋಗಲಿಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಅವಳ ಗೆಳತಿಯರು ಮನೆ ಮುಂದೆ ಹಾದುಹೋಗುವ ಹೊತ್ತಿಗೆ ನಾವಿಬ್ಬರೂ ಬಾಗಿಲು ಮುಚ್ಚಿಕೊಂಡು ಒಳಗೆ ಕೂತಿರುತ್ತಿದ್ದೆವು.