ಫರ್ಸಿಯ ಕೆಳಮೈ

ಅಡುಗೆಮನೆಯ ನೀರಿನ ಪೈಪು ಒಡೆದಿತ್ತು. ಕಳೆದ ವಾರ ನಲ್ಲಿ ರಿಪೇರಿಯವನು ಬಂದು ಒಲೆಕಟ್ಟೆಯ ಮುಂದೆ ನೆಲಕ್ಕೆ ಹಾಸಿದ್ದ ಫರ್ಸಿಕಲ್ಲನ್ನು ಸಬ್ಬಲು ಹಾಕಿ ಮೀಟಿ ಎಬ್ಬಿಸಿದ. ನೆನೆದ ಕಲ್ಲು, ಹಳೆಯ ಸುಣ್ಣ, ಮಣ್ಣು ಎಲ್ಲ ಸೇರಿದ ತಣ್ಣನೆಯ ವಾಸನೆ ಬಂತು. ಕಲ್ಲಿನ ಖಣಿಗಳ ಊರು ಶಹಾಬಾದಿನಲ್ಲಿ ಹುಟ್ಟಿದವರಿಗೆ ಈ ವಾಸನೆ ಹೊಸದಲ್ಲ. ಆದರೂ ಚಹಾ ಸೋಸುತ್ತಿದ್ದವಳು ಹಾಗೇ ನಿಂತೆ. ಮಗುಚಿದ ಕಲ್ಲಿನ ಕೆಳಮೈ ಮೇಲೆ ಉಳಿಯಿಂದ ಎಳೆದ ಗೀಟುಗಳಿದ್ದವು, ಸಾಲುಸಾಲಾಗಿ.

"ಏನ್ರಿ ಅಕ್ಕೋರೆ ಇದು? ಯಾರೋ ಆಟ ಆಡ್ಯಾರ," ಎಂದ ಅವನು.

ಆ ಉಳಿ ಯಾರದೆಂದು ನನಗೆ ಗೊತ್ತಿತ್ತು.

ನಾವು ಮನೆ ಕಟ್ಟಿಸಿದಾಗ ನೆಲ ಹಾಸಿದವರು ನಮ್ಮ ಓಣಿಯ ಮಾಮಾ. ಸಂಬಂಧದ ಮಾಮಾ ಅಲ್ಲ, ಓಣಿಗೆಲ್ಲ ಮಾಮಾ. ಕಾಗಿಣಾ ನದಿಯ ದಂಡೆಯ ಮಂದಿ. ಅವರಜ್ಜ ದೋಣಿ ನಡೆಸುತ್ತಿದ್ದರಂತೆ. ಇವರು ಕಲ್ಲಿನ ಖಣಿಯಲ್ಲಿ ದುಡಿದು, ಆಮೇಲೆ ಫರ್ಸಿ ಹಾಸುವ ಕೆಲಸ ಹಿಡಿದವರು. ನಾನು ಶಾಲೆಯಲ್ಲಿ ಕಲಿಸುತ್ತಿದ್ದೆ, ಹಾಗಾಗಿ ಅವರಿಗೆ ನಾನು ಅಕ್ಕೋರು.

ಅವರ ಕಿವಿಯಂಥ ಕಿವಿಯನ್ನು ನಾನು ಮತ್ತೆ ಕಂಡಿಲ್ಲ. ಲಾರಿಯಿಂದಿಳಿದ ಒಂದೊಂದು ಫರ್ಸಿಯನ್ನೂ ಬೆರಳ ಗೆಣ್ಣಿನಿಂದ ಬಡಿದು, ತಲೆ ವಾಲಿಸಿ ಕೇಳುವರು. 'ಖಣ್' ಎಂದರೆ ಗಟ್ಟಿ, 'ಬದ್' ಎಂದರೆ ಒಳಗೆ ಒಡಕು. ಕಣ್ಣಿಗೆ ಕಾಣದ ಬಿರುಕು ಅವರ ಕಿವಿಗೆ ಸಿಗುತ್ತಿತ್ತು. ಒಮ್ಮೆ ನಾನು ನಂಬದೆ, ಅವರು ಬೇಡವೆಂದ ಕಲ್ಲೊಂದನ್ನು ಹಟ ಹಿಡಿದು ಬಚ್ಚಲ ಮುಂದೆ ಹಾಕಿಸಿದೆ. ಎಂಟೇ ದಿನಕ್ಕೆ ನಡುವೆ ಸೀಳಿತು. ಅಂದಿನಿಂದ ಬಾಯಿ ಮುಚ್ಚಿಕೊಂಡೆ, ಅಕ್ಕೋರಾದವಳಿಗೆ ಅದೇನು ಸಣ್ಣ ಮಾತಲ್ಲ.

ಬಲವೂ ಹಾಗೇ... ಇಬ್ಬರು ಎತ್ತುವ ಕಲ್ಲನ್ನು ಒಬ್ಬರೇ ಎದೆಗಾನಿಸಿ ತರುವರು. ಚಹಾ ಕುಡಿದು, ಕಿಸೆಯಿಂದ ಗುಳಿಗೆ ತೆಗೆದು ಬಾಯಿಗೆ ಎಸೆದುಕೊಂಡರೆ ಸಂಜೆಯವರೆಗೆ ಕೂರುವ ಮಾತಿಲ್ಲ. ಖಣಿಯಲ್ಲಿ ಸೊಂಟದ ಮೇಲೆ ಕಲ್ಲು ಬಿದ್ದಿತ್ತಂತೆ, ಅದರ ನೋವಿಗೆ ಗುಳಿಗೆ. ನೋವಿನ ಗುಳಿಗೆ ಯಾರು ನುಂಗುವುದಿಲ್ಲ? "ಶಭಾಸ್ ಮಾಮಾ, ಭೀಮಸೇನ ಆಗೀರಿ!" ಎನ್ನುತ್ತಿದ್ದೆ. ಓಣಿಯವರನ್ನು ಕರೆದು ತೋರಿಸುತ್ತಿದ್ದೆ. ಅವರೂ ಶಭಾಸ್ ಎನ್ನುವರು. ಮಾಮಾ ನಾಚಿ ಇನ್ನೊಂದು ಕಲ್ಲು ಎತ್ತುವರು.

ಅಡುಗೆಮನೆ ಹಾಸುವ ಹೊತ್ತಿಗೆ ಔಷಧದ ಅಂಗಡಿಯವನು, ಡಾಕ್ಟರ ಚೀಟಿ ಇಲ್ಲದೆ ಇನ್ನು ಆ ಗುಳಿಗೆ ಕೊಡುವುದಿಲ್ಲ ಎಂದನಂತೆ. ಮರುದಿನ ಬಂದವರನ್ನು ನೋಡಿ ನಾನು ಹೆದರಿದೆ. ಮೂಗು ಸೋರುತ್ತಿತ್ತು, ಬಿರುಬಿಸಿಲಲ್ಲಿ ನಡುಕ, ಒಂದರ ಹಿಂದೊಂದು ಆಕಳಿಕೆ. ಕಲ್ಲು ಬಡಿದರು, ಮತ್ತೆ ಬಡಿದರು, ಕೊನೆಗೆ ಒಂದನ್ನು ಹಾಸಿದರು. ವಾರ ತುಂಬುವ ಮೊದಲೇ, ನೀರಿನ ಕೊಡ ಇಳಿಸಿದ ಏಟಿಗೆ ಅದು ಒಡೆಯಿತು. ಅವರು ಬಂದು ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಆ ಒಡಕನ್ನೇ ನೋಡಿದರು.

"ಕಿವಿ ಹೋಯ್ತು ಅಕ್ಕೋರೆ," ಎಂದರು. "ಮೊದ್ಲ ನೋವಿಗಂತ ತಗೊಂಡೆ. ಆಮ್ಯಾಗ ನೀವೆಲ್ಲಾ ಶಭಾಸ್ ಅಂತಿದ್ರಲ್ಲ, ಅದಕ್ಕ ತಗೊಂಡೆ. ಈಗ ಬ್ಯಾರೆ ಊರಿಂದ ತರಿಸಿ ತಗೊಳ್ಳಿಲ್ಲಂದ್ರ ಎದ್ದು ನಿಂದ್ರಾಕ ಆಗವಲ್ದು."

ನಾನು ಮಕ್ಕಳಿಗೆ ದುಶ್ಚಟದ ಪಾಠ ಮಾಡುವವಳು. ಮೋಜು, ಕೆಟ್ಟ ಸಹವಾಸ ಎಂದೆಲ್ಲ ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದೆ. ಶಭಾಸ್‌ಗಿರಿಯಿಂದಲೂ ಚಟ ಹತ್ತುತ್ತದೆ ಎಂದು ನನಗೇ ಯಾರೂ ಕಲಿಸಿರಲಿಲ್ಲ.

ನಮ್ಮ ಕಡೆ ಚಟಕ್ಕೆ ಒಂದೇ ಮದ್ದು, ಆಣೆ. ಅಮಾವಾಸ್ಯೆಯ ದಿನ ಅವರನ್ನು ರೈಲು ಹತ್ತಿಸಿ ಮಠಕ್ಕೆ ಕರೆದೊಯ್ದೆ. ಗದ್ದುಗೆಯ ಮುಂದೆ ನಿಲ್ಲಿಸಿ, ಇನ್ನು ಗುಳಿಗೆ ಮುಟ್ಟುವುದಿಲ್ಲ ಎಂದು ಆಣೆ ಹಾಕಿಸಿದೆ. ದೊಡ್ಡ ಕೆಲಸ ಮಾಡಿದೆನೆಂದು ಬೀಗಿದೆ. ಮೂರನೆಯ ದಿನ ಅವರ ಹೆಂಡತಿ ಓಡಿ ಬಂದರು.

"ವಾಂತಿ ನಿಂದ್ರವಲ್ದು, ಕೈಕಾಲು ಝಾಡಸ್ಲಿಕತ್ಯಾರ. ದವಾಖಾನಿಗಿ ನಡೀರಿ ಅಂದ್ರ ಒಲ್ಲೆ ಅಂತಾರ. ಡಾಕ್ಟರ್ ಕೊಡೋದೂ ಗುಳಿಗೀನ, ಆಣಿ ತಪ್ಪತದ ಅಂತಾರ್ರಿ!"

ಆಣೆ ಹಾಕಿಸುವಾಗ ಡಾಕ್ಟರನ್ನು ನಾನು ನೆನೆಸಿಯೇ ಇರಲಿಲ್ಲ. ಹೋಗಿ ಅವರ ಹಾಸಿಗೆಯ ಬಳಿ ಕುಳಿತೆ. "ಆಣಿ ಹಾಕಿಸಿದಾಕಿ ನಾನು. ಪಾಪ ಬಂದ್ರ ನನಗ ಬರ್ಲಿ. ಏಳ್ರಿ ಮಾಮಾ," ಎಂದೆ. ಅವರು ಹೆಂಡತಿಯ ಕೈ ಹಿಡಿದುಕೊಂಡರು. ಆಮೇಲೆ ಎದ್ದರು.

ಡಾಕ್ಟರು ಬೈದದ್ದು ನನಗೆ. ಒಮ್ಮೆಲೇ ಬಿಡಿಸಬಾರದು, ಇಳಿಸುತ್ತ ಬರಬೇಕು... ಅಂದಿನಿಂದ ಹೆಂಡತಿ ಗುಳಿಗೆಗಳನ್ನು ಸೆರಗಿಗೆ ಗಂಟು ಹಾಕಿಕೊಂಡು, ಹೇಳಿದಷ್ಟನ್ನೇ ಬಿಚ್ಚಿ ಕೊಡುವರು. ಮಾಮಾ ದಿನಾ ಬೆಳಿಗ್ಗೆ ನಮ್ಮ ಹಿತ್ತಲಿಗೆ ಬಂದು, ಗಟ್ಟಿಯೆಂದು ಗೊತ್ತಿದ್ದ ಒಂದು ಫರ್ಸಿಯನ್ನು ಬಡಿದು ಕೇಳುವರು. "ಇನ್ನಾ ಬದ್ ಅನ್ನಾಕತ್ತದ," ಎನ್ನುವರು. ಹೋಗುವ ಮುಂಚೆ ಉಳಿಯ ಸದ್ದು ಕೇಳುತ್ತಿತ್ತು. ಕೈನಡುಕ ಹೋಗಲೆಂದು ಏನೋ ಕುಟ್ಟುತ್ತಾರೆ ಎಂದುಕೊಂಡೆ.

ಎಷ್ಟೋ ತಿಂಗಳ ಮೇಲೆ ಒಂದು ಬೆಳಿಗ್ಗೆ ಹಿತ್ತಲಿನಿಂದ ಕೂಗು ಬಂತು. "ಖಣ್ ಅಂತು ಅಕ್ಕೋರೆ!"

ಅದೇ ಫರ್ಸಿಯನ್ನು ಒಡೆದುದರ ಜಾಗಕ್ಕೆ ಹಾಸಿದರು. ಒಬ್ಬರೇ ಎತ್ತಲಿಲ್ಲ, ನನ್ನ ಗಂಡನನ್ನು ಕೈಜೋಡಿಸಲು ಕರೆದರು. ನಾನು ಶಭಾಸ್ ಎನ್ನಲಿಲ್ಲ. ನಿಜ ಹೇಳಬೇಕೆಂದರೆ, ಇಬ್ಬರು ಕೂಡಿ ಕಲ್ಲು ಎತ್ತಿದ್ದರಲ್ಲಿ ಶಭಾಸ್ ಎನ್ನುವಂಥದ್ದೇನೂ ನನಗೆ ಕಾಣಲಿಲ್ಲ. ಓಣಿಯಲ್ಲಿ ಮಾತ್ರ, ನಾನು ಆಣೆ ಬಿಡಿಸಿದ್ದಕ್ಕೇ ಮಾಮಾ ಉಳಿದರು ಎಂದು ಹೇಳಿಕೊಂಡು ತಿರುಗಿದೆ.

ಅವರು ತೀರಿಕೊಂಡು ಎರಡು ವರ್ಷವಾಯಿತು. ಕಲ್ಲಿನ ಧೂಳು ಎದೆಯನ್ನು ತಿಂದಿತ್ತು. ಕೊನೆಯ ದಿನಗಳಲ್ಲೂ ನೋವಿನ ಗುಳಿಗೆಯನ್ನು ಹೆಂಡತಿಯ ಸೆರಗಿಗೇ ಕಟ್ಟಿಸುತ್ತಿದ್ದರಂತೆ...

ರಿಪೇರಿಯವನು ಪೈಪು ಜೋಡಿಸುವಷ್ಟರಲ್ಲಿ ನಾನು ನೆಲಕ್ಕೆ ಕುಳಿತು ಗೀಟು ಎಣಿಸಿದೆ. ಖಣಿಯವರು ಹೀಗೆ ದಿನಕ್ಕೊಂದು ಗೀಟು ಎಳೆಯುತ್ತಾರೆ. ಇವು ಡಾಕ್ಟರು ಹೇಳಿದಷ್ಟಕ್ಕೇ ನಿಂತ ದಿನಗಳು. ಮೊದಲ ಸಾಲಿನಲ್ಲಿ ಹನ್ನೊಂದು, ಆಮೇಲೆ ಹೊಡೆದುಹಾಕಿದಂತೆ ಒಂದು ಅಡ್ಡ ಕಾಟು. ಅದರ ಕೆಳಗೆ ಮತ್ತೆ ಒಂದರಿಂದ ಶುರು. ಇಪ್ಪತ್ತಾರಕ್ಕೆ ಕಾಟು. ಮೂರನೆಯದು ನಾಲ್ಕಕ್ಕೇ ನಿಂತಿತ್ತು. ನಾಲ್ಕನೆಯದು ಸಾಲಿನ ಮೇಲೆ ಸಾಲಾಗಿ, ಕಲ್ಲಿನ ಅಂಚು ಮುಟ್ಟಿ ಜಾಗ ಮುಗಿಯುವವರೆಗೆ ಹೋಗಿತ್ತು.

ಮೂರು ಸಲ ಜಾರಿದ್ದರು. ಮೂರು ಸಲವೂ, ಯಾರಿಗೂ ಹೇಳದೆ, ಬೆಳಿಗ್ಗೆ ಎದ್ದು ಬಂದು ಒಂದರಿಂದ ಎಣಿಸಿದ್ದರು. ನಾನು ಹತ್ತು ಹೆಜ್ಜೆ ಆಚೆ ಚಹಾ ಕಾಸುತ್ತಿದ್ದೆ. ಆ ಕಲ್ಲಿನ ಮುಂದೆ ನನ್ನ ಆಣೆ, ನನ್ನ ಪಾಪದ ಮಾತು ಎಲ್ಲ ಎಷ್ಟು ಸಣ್ಣದಾಗಿ ಕಂಡಿತೆಂದರೆ, ನಾಚಿಕೆಯೂ ಬೆರಗೂ ಒಟ್ಟಿಗೇ ಬಂದು ಕಣ್ಣು ತುಂಬಿತು.

"ಭಾಳ ಸವದದ ಅಕ್ಕೋರೆ, ಟೈಲ್ಸ್ ಹಾಕಿಸಿಬಿಡ್ರಿ," ಎಂದ ರಿಪೇರಿಯವನು.

"ಬ್ಯಾಡಪ್ಪ. ಹ್ಯಾಂಗಿತ್ತೋ ಹಂಗ ಹಾಕು."

ಅವನು ಹೋದ ಮೇಲೆ ಫರ್ಸಿಯನ್ನು ಗೆಣ್ಣಿನಿಂದ ಬಡಿದು ಕೇಳಿದೆ. ನನ್ನ ಕಿವಿಗೆ ಏನೂ ತಿಳಿಯಲಿಲ್ಲ. "ಶಭಾಸ್ ಮಾಮಾ," ಎಂದೆ. ಬೇಡದ ಕಡೆಯೆಲ್ಲ ಹೇಳಿ, ಹೇಳಬೇಕಾದ ಒಂದು ಸಲ ಬಿಟ್ಟಿದ್ದೆ. ಈಗ ಕೇಳಲು ಅವರಿಲ್ಲ.