ತವರಿಗೆ ಹೊರಟ ಇಲಿ ನಾಣ್ಯ

ಕೆನಡಾದ ಸ್ಟ್ರೀಟ್ಸ್‌ವಿಲ್‌ನಲ್ಲಿ ನದಿಯ ದಂಡೆಗೆ ಉರುಳಿಬಿದ್ದ ಮರದ ಪೊಟರೆಯೊಳಗೆ ಮೊಣಕೈವರೆಗೆ ಕೈ ಹಾಕಿದ್ದ ನನ್ನ ಹೆಂಡತಿ ಕಿರುಚಿದಳು. ನಾಯಿ ಅಡ್ಡಾಡಿಸುತ್ತಿದ್ದವರು ನಿಂತು ನೋಡಿದರು. ಹಾವಲ್ಲ, ಡಬ್ಬಿ ಸಿಕ್ಕಿತ್ತು.

ಜಿಯೋಕ್ಯಾಶಿಂಗ್ ಎಂಬ ಈ ಆಟ ಸರಳ. ಯಾರೋ ಅಪರಿಚಿತರು ಒಂದು ಡಬ್ಬಿ ಅಡಗಿಸಿಡುತ್ತಾರೆ. ಅದರ ಜಾಗವನ್ನು ಫೋನು ತೋರಿಸುತ್ತದೆ. ಹುಡುಕಿದವರು ನೋಡಿ, ಖುಷಿಪಟ್ಟು, ಇದ್ದಲ್ಲೇ ಇಟ್ಟು ಬರುತ್ತಾರೆ. ಕೆಲವು ಡಬ್ಬಿಗಳಲ್ಲಿ ಟ್ರ್ಯಾಕಬಲ್ ಎಂಬ ಪ್ರಯಾಣಿಕ ನಾಣ್ಯ ಇರುತ್ತದೆ. ಅದರ ಮೇಲೊಂದು ಸಂಖ್ಯೆ, ಆ ಸಂಖ್ಯೆಗೆ ಇಂಟರ್‌ನೆಟ್ಟಿನಲ್ಲೊಂದು ಪುಟ, ಪುಟದಲ್ಲಿ ಅದು ಎಲ್ಲಿಗೆ ಹೋಗಬೇಕೆಂಬ ವಿವರ. ಸಿಕ್ಕಿದವರು ಅದನ್ನು ಇಟ್ಟುಕೊಳ್ಳುವಂತಿಲ್ಲ, ಮುಂದಿನ ಡಬ್ಬಿಗೆ ದಾಟಿಸಬೇಕು.

ನಮಗೆ ಸಿಕ್ಕಿದ್ದರ ಮೇಲೆ ಇಲಿಯಂಥ ಪ್ರಾಣಿಯ ಚಿತ್ರವಿತ್ತು. ಸುತ್ತಲೂ ‘ರ‍್ಯಾಟ್ ಪೋರ್ಟೇಜ್’ ಎಂದು ಕೊರೆದಿತ್ತು. ಅದು ತುಪ್ಪಳದ ವ್ಯಾಪಾರದ ಕಾಲದ ಒಂದು ಗಡಿನಾಡ ವಸತಿ. ನೀರಿಲಿಗಳು ಒಂದು ನೀರಿನಿಂದ ಇನ್ನೊಂದಕ್ಕೆ ನೆಲದ ಮೇಲೆ ದಾಟುತ್ತಿದ್ದ ಜಾಗವಂತೆ, ಅದಕ್ಕೇ ಆ ಹೆಸರು. ಈಗ ಆ ಊರಿನ ಹೆಸರು ಕೆನೋರಾ. ಅಲ್ಲಿ ಬರಲಿದ್ದ ಹಿಟ್ಟಿನ ಗಿರಣಿಯ ಚೀಲದ ಮೇಲೆ ‘ಇಲಿ’ ಎಂದು ಅಚ್ಚಾಗುವುದು ಬೇಡವೆಂದು ಹೆಸರು ಬದಲಿಸಿದರೆಂಬ ಕಥೆಯಿದೆ. ಚೆನ್ನಾಗಿದೆ, ಆದರೆ ದೃಢಪಟ್ಟಿಲ್ಲ.

ನಾಣ್ಯದ ಒಡತಿ ಪೂರ್ವ ಕರಾವಳಿಯ ಒಬ್ಬ ಅಜ್ಜಿ. ಹಳೆಯ ಗಡಿ ಊರುಗಳ ಹೆಸರಿನಲ್ಲಿ ಹಲವು ನಾಣ್ಯಗಳನ್ನು ಬಿಟ್ಟು, ಪ್ರತಿಯೊಂದೂ ತನ್ನ ಊರು ಮುಟ್ಟಲೆಂದು ಕಾಯುತ್ತಿದ್ದರು. ಉಳಿದವೆಲ್ಲ ಮುಟ್ಟಿದ್ದವು. ಇದೊಂದು ಪೋರ್ಚುಗಲ್ಲಿಗೆ ಹೋಗಿತ್ತು, ಫ್ಲೋರಿಡಾಕ್ಕೆ ಹೋಗಿತ್ತು, ಕೆನೋರಾಕ್ಕೆ ಮಾತ್ರ ಹೋಗಿರಲಿಲ್ಲ. ‘ಈ ಶುಕ್ರವಾರ ಟ್ರಕ್ಕಿನಲ್ಲಿ ಕಳಿಸುತ್ತೇನೆ’ ಎಂದು ನನ್ನ ಹೆಂಡತಿ ಆ ಪುಟದಲ್ಲಿ ಮಾತು ಕೊಟ್ಟಳು. ಅಜ್ಜಿ ಸಾಲುಗಟ್ಟಲೆ ಆಶ್ಚರ್ಯಸೂಚಕ ಚಿಹ್ನೆಗಳ ಉತ್ತರ ಬರೆದರು. ನಾನು ಪತ್ರಿಕೆಯಲ್ಲಿದ್ದಾಗ ಅವುಗಳನ್ನು ಹೊಡೆದು ಹಾಕುತ್ತಿದ್ದೆ. ಇವನ್ನು ಬಿಟ್ಟೆ.

ಟ್ರಕ್ಕು ಬ್ರ್ಯಾಂಪ್ಟನ್ನಿನಲ್ಲಿದ್ದ ನಮ್ಮ ಗೆಳೆಯನದು, ಬೆಳಗಾವಿ ಕಡೆಯವನು. ವಿನ್ನಿಪೆಗ್‌ಗೆ ಅದು ಅವನ ಕೊನೆಯ ಟ್ರಿಪ್ಪು. ಆಮೇಲೆ ಅವನು ಊರೊಳಗಿನ ವೇರ್‌ಹೌಸಿನ ಶಿಫ್ಟಿಗೆ ಬದಲಾಗುತ್ತಿದ್ದ. ಕೆನೋರಾ ಅವನ ದಾರಿಯಲ್ಲೇ ಇತ್ತು.

ಶುಕ್ರವಾರ ಬೆಳಿಗ್ಗೆ ಡ್ರಾವರು ತೆಗೆದರೆ ನಾಣ್ಯವಿಲ್ಲ. ಹಿಂದಿನ ದಿನ ದೀಪಾವಳಿಯ ಲಕ್ಷ್ಮೀಪೂಜೆ ಆಗಿತ್ತು. ಧಾರವಾಡದಿಂದ ನಮ್ಮಲ್ಲಿಗೆ ಬಂದಿದ್ದ ಅತ್ತೆಯವರು ಕಾಫಿ ಕುಡಿಯುತ್ತ ದೇವರ ಕಡೆ ಕೈ ತೋರಿಸಿದರು. ಬೆಳ್ಳಿ ನಾಣ್ಯಗಳ ನಡುವೆ, ತಲೆಯ ಮೇಲೆ ಚೆಂಡುಹೂವು ಹೊತ್ತು, ಕುಂಕುಮ ಮೆತ್ತಿಕೊಂಡು ನೀರಿಲಿ ಕೂತಿತ್ತು.

“ಅವ್ವಾ, ಅದು ನಮ್ಮದಲ್ಲ! ಇವತ್ತ ಕಳಸಬೇಕು ಅದನ್ನ!”

“ಮ್ಯಾಲೆ ಗಣಪ್ಪನ ಇಲಿ ಅದ. ಕೀಲಿಕೈ ಜೋಡಿ ಬಿದ್ದಿತ್ತು ಪಾಪ. ಪೂಜಾಕ್ಕ ಇಡದ ಏನ ಮಾಡ್ಲಿ?”

“ಬೆಳ್ಳಿನೂ ಅಲ್ಲ ಅದು.”

“ಕುಂಕುಮ ಹಚ್ಚಿದ ಮ್ಯಾಲೆ ಲಕ್ಷ್ಮಿನ. ಶುಕ್ರವಾರ ಲಕ್ಷ್ಮೀನ್ನ ಮನಿ ಬಿಟ್ಟು ಕಳಸ್ತಾರೇನ? ನಿನ್ನ ಯಜಮಾನ್ರನ್ನ ಕೇಳು, ಪೇಪರ್‌ನಾಗ ಇದ್ದವರು.”

ನಾನು ಅಲ್ಲೇ ಎದುರಿಗೆ ಇದ್ದೆ. ಅತ್ತೆಯವರು ಅಳಿಯನ ಜೊತೆ ನೇರವಾಗಿ ಮಾತಾಡುವವರಲ್ಲ.

“ನಿಮ್ಮವ್ವಗ ಹೇಳು, ನಾ ಈ ಸುದ್ದಿಯೊಳಗ ಇಲ್ಲ ಅಂತ,” ಎಂದೆ.

ಗೆಳೆಯ ಬಂದ. ಕಿತ್ತಳೆ ಬಣ್ಣದ ಸೇಫ್ಟಿ ಜಾಕೆಟ್ಟು, ಕೈಯಲ್ಲಿ ಕಾಫಿ. ಸಂಗತಿ ಕೇಳಿ ನೇರ ಅತ್ತೆಯವರ ಹತ್ತಿರ ಹೋದ.

“ಅವ್ವಾರ, ನೀವು ಕೊಡಬ್ಯಾಡ್ರಿ. ಸುಮ್ಮ ಆ ಕಡೆ ಮಾರಿ ಮಾಡ್ರಿ, ನಾ ಕಳುವು ಮಾಡ್ತೀನಿ.”

“ಹಬ್ಬದಾಗ ಕಳ್ಳತನ ಮಾಡ್ತಾನಂತ, ಭಾಡ್ಯಾ!”

ಹೆಂಡತಿ ನಗುತ್ತಲೂ ಇದ್ದಳು, ಕಣ್ಣು ಒರೆಸಿಕೊಳ್ಳುತ್ತಲೂ ಇದ್ದಳು. “ಆ ಮುದುಕಿಗೆ ಏನ ಹೇಳ್ಲಿ, ಅವ್ವಾ? ಉಳದಾವೆಲ್ಲಾ ತಮ್ಮ ತಮ್ಮ ಊರಿಗೆ ಮುಟ್ಟ್ಯಾವು. ಇದೊಂದ ಊರೂರು ಅಲೀಲಿಕತ್ತದ.”

ಅತ್ತೆಯವರು ಕಪ್ಪು ಕೆಳಗಿಟ್ಟರು. “ತಮ್ಮ ಊರು ಅಂದ್ರ? ಇದಕ್ಕೂ ಊರು ಅದ ಏನ?”

“ಸುತ್ತಲೂ ಬರದದ್ದು ಏನಂತ ತಿಳಿದಿ? ಊರ ಹೆಸರ ಇದಕ್ಕ ಇಟ್ಟಾರ.”

ಅತ್ತೆಯವರು ಎದ್ದು, ನಾಣ್ಯವನ್ನು ಬೆಳಕಿಗೆ ಹಿಡಿದು ನೋಡಿದರು. ಅವರು ಗದಗಿನವರು. ಮದುವೆಯಾಗಿ ಧಾರವಾಡಕ್ಕೆ ಬಂದ ಮೇಲೆ ಅತ್ತೆ, ನಾದಿನಿ, ನೆರೆಯವರು, ಹಾಲಿನವನು, ಎಲ್ಲರೂ ಅವರನ್ನು ಕರೆದದ್ದು ‘ಗದಗಿನಾಕಿ’ ಎಂದೇ. ನಮ್ಮ ಕಡೆ ಸೊಸೆಯ ಹೆಸರು ಅವಳ ತವರೂರು.

“ಮೊದಲ ಹೇಳಬಾರದೇನ? ತವರಿನ ಹೆಸರು ಹೊತಗೊಂಡು ತಿರಗ್ಯಾಡ್ಲಿಕತ್ತಾಳ ಇಕಿ. ಹೆಣ್ಮಗಳು ತವರಿಗೆ ಹೊಂಟ್ರ ನಾ ಯಾಕ ಅಡ್ಡ ಬರ್ಲಿ?” ಎಂದವರು ನಮ್ಮೆಲ್ಲರ ಮುಖ ನೋಡಿ, “ಆದ್ರ ಬರಿಗೈಲೆ ಕಳಸೂದಿಲ್ಲ. ಶುಕ್ರವಾರ ಉಡಿ ತುಂಬ್ಲಿಕ್ಕೆ ಛಲೋ ದಿನ,” ಎಂದರು.

ಕುಪ್ಪಸದ ಖಣ ಬಂತು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಅಡಿಕೆ ಬಂದವು. ಆಗ ತೊಡಕೊಂದು ಎದ್ದಿತು. ನಾಣ್ಯಕ್ಕೆ ಸೆರಗಿಲ್ಲ. ಉಡಿ ಒಡ್ಡುವವರು ಯಾರು?

ಗೆಳೆಯ ಮಣೆಯ ಮೇಲೆ ಕೂತು ಸೇಫ್ಟಿ ಜಾಕೆಟ್ಟಿನ ಅಂಚನ್ನು ಎರಡೂ ಕೈಯಿಂದ ಹಿಡಿದು ಒಡ್ಡಿದ.

“ಗಂಡಸರಿಗೆ ಉಡಿ ತುಂಬತಾರೇನೋ?”

“ಇಕೀ ವಾಹನ ನಾನ ಅಲ್ಲೇನ್ರೀ ಅವ್ವಾರ? ತುಂಬ್ರಿ ಲಗೂನ, ಟ್ರಕ್ ಕಂಪನಿ ಡಿಸ್ಪ್ಯಾಚ್‌ನವರು ಫೋನ್ ಮ್ಯಾಲೆ ಫೋನ್ ಹಚ್ಚ್ಯಾರ.”

ಅತ್ತೆಯವರು ತುಂಬಿದರು. ನಗು ತಡೆಯಲಾಗದೆ ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿದರು. ಹೆಂಡತಿ ನೆಲದ ಮೇಲೆ ಕೂತುಬಿಟ್ಟಳು. ನಾನು ಫೋಟೋ ತೆಗೆದೆ. ಎಲ್ಲವೂ ಅಲುಗಿವೆ.

ಭಾನುವಾರ ಗೆಳೆಯನ ವಿಡಿಯೋ ಕಾಲ್ ಬಂತು. ಗಾಳಿಗೆ ಅವನ ಮಾತು ಹರಿದು ಹರಿದು ಕೇಳುತ್ತಿತ್ತು. ಕೆಂಪು ಮೂಗಿನ ಮುಂದೆ ನಾಣ್ಯ ಹಿಡಿದಿದ್ದ. ಸೇತುವೆಯ ಪಕ್ಕದ ಬಂಡೆಯಡಿ ಡಬ್ಬಿ ಸಿಕ್ಕಿತ್ತಂತೆ.

“ಮುಟ್ಟಿದ್ಲರೀ ವೈನಿ! ಇಕೀ ಊರಾಗ ಇಕಿ!”

ಹೆಂಡತಿ ನದಿಯ ದಂಡೆಯಲ್ಲಿ ಕಿರುಚಿದ್ದಕ್ಕಿಂತ ಜೋರಾಗಿ ಕಿರುಚಿದಳು. ಅಜ್ಜಿಗೆ ಬರೆಯಲು ಹೋದರೆ ಅಕ್ಷರಗಳೆಲ್ಲ ತಪ್ಪುತ್ತಿದ್ದವು. ಕೊನೆಗೆ ಅವಳು ಹೇಳಿದಂತೆ ನಾನೇ ಟೈಪು ಮಾಡಿದೆ. ಮೂರು ಆಶ್ಚರ್ಯಸೂಚಕ ಹಾಕಿದೆ.

“ಉಡಿ ಇಟ್ಟೇನೋ ತಮ್ಮಾ?” ಅತ್ತೆಯವರು ಫೋನಿನೊಳಗೆ ಮುಖ ತೂರಿಸಿದರು.

“ಡಬ್ಬ್ಯಾಗ ತಿನ್ನೂದು ಇಡಬಾರದಂತ್ರೀ. ಕೊಬ್ಬರಿ ನಾನ ತಿಂದೆ.”

“ತಿನ್ನು, ತಿನ್ನು. ಊರು ತೋರ್ಸು.”

ಅವನು ಫೋನು ತಿರುಗಿಸಿದ. ಎತ್ತ ತಿರುಗಿಸಿದರೂ ಸರೋವರ. ನಡುನಡುವೆ ದ್ವೀಪಗಳು, ದಂಡೆಗೆ ಕಟ್ಟಿದ ದೋಣಿ, ಒಂದು ಪೆಟ್ರೋಲ್ ಬಂಕು. ಮಗಳನ್ನು ಕೊಡುವ ಮೊದಲು ಹಿರಿಯರು ಊರು ನೋಡುವ ಹಾಗೆ ಅತ್ತೆಯವರು ನಿಧಾನವಾಗಿ ನೋಡಿದರು. ಆಮೇಲೆ ಮೊಟ್ಟಮೊದಲ ಸಲ ನೇರವಾಗಿ ನನ್ನ ಕಡೆ ತಿರುಗಿದರು.

“ನೀರಿಗೇನ ಕಡಿಮಿ ಇಲ್ಲ ನೋಡ್ರಿ.”